ಅಪ್ಪನನ್ನು ಮಾತಾಡಿಸಿದ ಬಸ್ ಏಜೆಂಟರು

ನನ್ನ ಜೊತೆ ಕೆಲಸಕ್ಕೆ ಸೇರಿದವರು ನನಗಿಂತ ಮೊದಲು ಪ್ರಿನ್ಸಿಪಾಲರಾದರು. ನನ್ನ ಹಿಂದಿನ ಬೆಂಚಿನಲ್ಲಿ ಕೂತಿದ್ದವನ ಪುಸ್ತಕ ನನ್ನ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. ಅದೆಲ್ಲ ಒಂದೆರಡು ದಿನದ ಕಿರಿಕಿರಿ, ಆಮೇಲೆ ಮರೆತುಹೋಯಿತು. ಆದರೆ ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಜನ ಹತ್ತಿಸುತ್ತಿದ್ದ ಒಬ್ಬ ಏಜೆಂಟರ ಮೇಲೆ ನಾನು ವರ್ಷಗಟ್ಟಲೆ ಹೊಟ್ಟೆ ಉರಿಸಿಕೊಂಡೆ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ, ಮೊದಲು ಈ ಉರಿಯ ಕಥೆ ಹೇಳದೆ ಪೆನ್ನು ಮುಂದೆ ಹೋಗುತ್ತಿಲ್ಲ.

ನಮ್ಮ ಕಡೆ ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗಿ ಕರೆದು ಹತ್ತಿಸುವವರಿಗೆ ಏಜೆಂಟ್ ಎನ್ನುತ್ತಾರೆ. ಇವರು ಆ ಕೆಲಸವನ್ನು ಸುಮಾರು ಮೂವತ್ತು ವರ್ಷ ಮಾಡಿದವರು. ಕುಳ್ಳಗಿನ, ಅಗಲ ಎದೆಯ ಮನುಷ್ಯ. ಖಾಕಿ ಅಂಗಿಗೆ ಮೇಲಿನ ಎರಡು ಗುಂಡಿ ನಾನು ನೋಡಿದಂತೆ ಯಾವತ್ತೂ ಇರಲಿಲ್ಲ. ಬಸ್ಸುಗಳ ಸಮಯವನ್ನು ಎಡಗೈಯ ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದರು. ಸಂಜೆಯ ಹೊತ್ತಿಗೆ ಬೆವರಿನಲ್ಲಿ ಕರಗಿ ಅಂಗೈಯೆಲ್ಲ ನೀಲಿ. ತುಳುವಿನಲ್ಲಿ ಮೂಡುಬಿದಿರೆಗೆ ಬೆದ್ರ ಎಂದು ಹೆಸರು. ಅವರು "ಬೆದ್ರ, ಬೆದ್ರ, ಬೆದ್ರ!" ಎಂದು ಕೂಗಿದರೆ ರಸ್ತೆಯ ಆಚೆ ಬದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಓಡಿ ಬರುತ್ತಿದ್ದರು. ಕಾಯಿಲೆಯವರು ಬಂದರೆ, ಚಾಲಕನ ಹಿಂದಿನ ಸೀಟಿನಲ್ಲಿ ಯಾರೇ ಕೂತಿರಲಿ, ಎಬ್ಬಿಸುತ್ತಿದ್ದರು. ಎಬ್ಬಿಸಿಕೊಂಡವರು ಜಗಳಕ್ಕೆ ಬಂದರೆ, "ನಿಮಗೂ ಒಂದು ದಿನ ಬೇಕಾಗ್ತದೆ ಈ ಸೀಟು, ಆಗ ನಾನೇ ಕೂರಿಸ್ತೇನೆ" ಎನ್ನುತ್ತಿದ್ದರು.

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ಮನೆ ನರಿಕೊಂಬಿನಲ್ಲಿ, ನದಿಯಿಂದ ಸ್ವಲ್ಪ ಮೇಲೆ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಅವರು ನನಗಾಗಿ ಕಿಟಕಿ ಸೀಟಿನ ಮೇಲೆ ತಮ್ಮ ಹೆಗಲ ಮೇಲಿನ ಟವೆಲನ್ನು, ಬೈರಾಸನ್ನು, ಎಸೆದಿಟ್ಟಿರುತ್ತಿದ್ದರು. ಅದು ನನ್ನ ಮೇಲಿನ ಗೌರವದಿಂದಲ್ಲ, ನಾನು ಪಂಡಿತರ ಮಗ ಎಂಬ ಕಾರಣಕ್ಕೆ. ಅಪ್ಪ ಬಂಟ್ವಾಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದವರು. ಈ ಏಜೆಂಟರನ್ನು ಒಂಬತ್ತನೆಯ ತರಗತಿಯಲ್ಲಿ ಕನ್ನಡದಲ್ಲಿ ಫೇಲು ಮಾಡಿ ಎರಡನೇ ವರ್ಷ ಕೂರಿಸಿದ್ದೂ ಅಪ್ಪನೇ. ಎರಡನೇ ವರ್ಷವೂ ಪಾಸಾಗದೆ ಅವರು ಶಾಲೆ ಬಿಟ್ಟು ಬಸ್ಸು ತೊಳೆಯಲು ಸೇರಿದರಂತೆ. ಅಪ್ಪ 'ಮಾಷ್ಟ್ರು', ನಾನು 'ಸಣ್ಣ ಮಾಷ್ಟ್ರು'. ಮೂವತ್ತೆಂಟನೆಯ ವಯಸ್ಸಿನಲ್ಲಿ, ನನ್ನ ವಿದ್ಯಾರ್ಥಿಗಳೆಲ್ಲ ನಿಂತಿರುವ ನಿಲ್ದಾಣದಲ್ಲಿ, ಹಾಗೆ ಕರೆಸಿಕೊಳ್ಳಲು ನನಗೆ ಮುಜುಗರವಾಗುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ, ಅಪ್ಪ ನಿವೃತ್ತರಾಗಿ ಸುಮಾರು ಹತ್ತು ವರ್ಷವಾದಾಗ, ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಕುಸಿದರು. ಬಲಗೈ, ಬಲಗಾಲು ಬಿದ್ದುಹೋಯಿತು. ಅದಕ್ಕಿಂತ ದೊಡ್ಡ ನಷ್ಟ, ಮಾತು ಹೋಯಿತು. ನಾವು ಹೇಳುವುದೆಲ್ಲ ಅವರಿಗೆ ತಿಳಿಯುತ್ತಿತ್ತು, ಅವರು ಹೇಳಬೇಕಾದ್ದು ಬಾಯಿಗೆ ಬರುತ್ತಿರಲಿಲ್ಲ. ಹಳಗನ್ನಡ ಪದ್ಯಗಳನ್ನು ಪುಸ್ತಕ ಮುಚ್ಚಿಟ್ಟು ಗಂಟೆಗಟ್ಟಲೆ ಹೇಳುತ್ತಿದ್ದ ಮನುಷ್ಯ ನೀರು ಬೇಕಾದರೆ ಲೋಟ ತೋರಿಸಬೇಕಾಯಿತು. ಮಂಗಳೂರಿನ ಆಸ್ಪತ್ರೆಯಿಂದ ಬಂದ ಮೇಲೆ ಒಂದು ತಿಂಗಳು ಪ್ರಯತ್ನಪಟ್ಟರು. ತುಟಿ ಜೋಡಿಸುತ್ತಿದ್ದರು, ಕತ್ತಿನ ನರ ಉಬ್ಬುತ್ತಿತ್ತು, ಹೊರಗೆ ಬರುತ್ತಿದ್ದುದು ಬರೀ ಗಾಳಿ. ಆಮೇಲೆ ಬಿಟ್ಟುಬಿಟ್ಟರು.

ಬಿಟ್ಟುಬಿಟ್ಟರು ಎಂದರೆ ಮಾತನ್ನು ಮಾತ್ರವಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಕ್ಷೌರಕ್ಕೆ ಬಂದವನನ್ನು ಎಡಗೈಯಲ್ಲಿ ತಳ್ಳಿದರು. ಗಂಜಿ ಎರಡು ಚಮಚ, ಅಷ್ಟಕ್ಕೇ ಬಾಯಿ ಮುಚ್ಚುತ್ತಿದ್ದರು. ನೋಡಲು ಬಂದವರು "ಧೈರ್ಯವಾಗಿರಿ, ಎಲ್ಲ ಸರಿಯಾಗ್ತದೆ" ಎನ್ನುವಾಗ ಕಣ್ಣು ಮುಚ್ಚಿಕೊಂಡು, ಅವರು ಹೋದ ಮೇಲೆ ತೆರೆಯುತ್ತಿದ್ದರು. ಕೆಲವು ಸಲ ಯಾವ ಕಾರಣವೂ ಇಲ್ಲದೆ ಕಣ್ಣಿನಿಂದ ನೀರು ಹರಿದು ದಿಂಬು ಒದ್ದೆಯಾಗುತ್ತಿತ್ತು.

ನಾನು ಕಾಲೇಜಿನಿಂದ ಬಂದು ದಿನವೂ ಒಂದು ಗಂಟೆ ಅವರ ಪಕ್ಕ ಕೂರುತ್ತಿದ್ದೆ. ಅವರಿಗೆ ಪ್ರಿಯವಾದ ಪದ್ಯಗಳನ್ನು ಓದುತ್ತಿದ್ದೆ. ಪ್ರತಿ ಪದ್ಯದ ಕೊನೆಯ ಶಬ್ದ ಬಿಟ್ಟು ನಿಲ್ಲುತ್ತಿದ್ದೆ. "ಹೇಳಿ ಅಪ್ಪ, ಮುಂದೇನು?" ಅವರು ನನ್ನ ಮುಖವನ್ನು ಒಮ್ಮೆ ನೋಡಿ ಗೋಡೆಯ ಕಡೆ ತಿರುಗುತ್ತಿದ್ದರು. ನಾನು ಅದನ್ನು ಚಿಕಿತ್ಸೆ ಎಂದುಕೊಂಡಿದ್ದೆ. ಅದು ಪರೀಕ್ಷೆಯಾಗಿತ್ತು ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಪಂಡಿತರು ಪೇಟೆಗೆ ಕಾಣುವುದೇ ಇಲ್ಲವಲ್ಲ ಎಂದು ಏಜೆಂಟರು ಒಂದು ದಿನ ಬಸ್ಸಿನ ಕಿಟಕಿಯಿಂದ ಕೇಳಿದರು. ವಿಷಯ ಹೇಳಿದೆ. ಮರುದಿನ ಮಧ್ಯಾಹ್ನ, ಬಸ್ಸುಗಳ ಗದ್ದಲ ಕಡಿಮೆಯಾಗುವ ಹೊತ್ತಿಗೆ, ಅವರು ನಮ್ಮ ಮನೆಗೆ ಬಂದರು. ನಾನು ಇರಲಿಲ್ಲ. ಆಮೇಲೆ ಹೆಂಡತಿ ಹೇಳಿದ್ದು ಇಷ್ಟು: ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತು, "ಒಳಗೆ ಬರಬಹುದೇ ಸರ್?" ಎಂದು ಕೇಳಿದರಂತೆ, ತಡವಾಗಿ ತರಗತಿಗೆ ಬಂದ ಹುಡುಗನ ಹಾಗೆ, ಪುಸ್ತಕದ ಕನ್ನಡದಲ್ಲಿ. ಅಪ್ಪನ ತರಗತಿಯಲ್ಲಿ ತುಳು ಮಾತಾಡಿದವರಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಇತ್ತು. ಆ ಹೆದರಿಕೆ ನಲವತ್ತು ವರ್ಷದ ಮೇಲೂ ಅವರಿಗೆ ಇತ್ತು. ಅಪ್ಪ ತಲೆ ತಿರುಗಿಸಿ ನೋಡಿದರು. ಏಜೆಂಟರು ಅಲ್ಲೇ ಇದ್ದ ಸ್ಟೂಲನ್ನು ಎಳೆದು ಕಾಲು ಮೇಲಿಟ್ಟು, ಪಂಚೆ ಸರಿಸಿ, ಕಟ್ಟಿದ್ದ ಬಟ್ಟೆ ಬಿಚ್ಚಿದರು.

"ನೋಡಿ ಸರ್ ನನ್ನ ಅವಸ್ಥೆ. ನಿಂತು ನಿಂತು ನರ ಉಬ್ಬಿ ಹುಣ್ಣಾಗಿದೆ. ಎಂಟು ತಿಂಗಳಾಯ್ತು, ಒಣಗುದೇ ಇಲ್ಲ. ಡಾಕ್ಟ್ರು ನಿಲ್ಲಬೇಡ ಹೇಳ್ತಾರೆ. ಏಜೆಂಟ್ ಕೂತು ಕೂಗಿದ್ರೆ ಬಸ್ಸಿಗೆ ಯಾರು ಹತ್ತುದು? ನೀವೇ ಹೇಳಿ, ಎಂತ ಮಾಡುವ?"

ನನ್ನ ಹೆಂಡತಿಗೆ ವಾಕರಿಕೆ ಬಂತಂತೆ. ಆದರೆ ಅಪ್ಪ ಎಡ ಮೊಣಕೈ ಊರಿ, ಸ್ವಲ್ಪ ಎದ್ದು, ಆ ಹುಣ್ಣನ್ನು ಚೆನ್ನಾಗಿ ನೋಡಿದರು. ಎರಡು ತಿಂಗಳಲ್ಲಿ ಅವರು ತಾವಾಗಿ ನೋಡಿದ ಮೊದಲ ವಸ್ತು ಅದು.

ಆಮೇಲೆ ಏಜೆಂಟರು ದಿನಾ ಬರತೊಡಗಿದರು. ಅಪ್ಪನಿಗೆ ಧೈರ್ಯ ಹೇಳಿದ್ದೇ ಇಲ್ಲ. ಬಂದು ಕೂತು ತಮ್ಮ ದೂರುಗಳನ್ನು ಹೇಳುತ್ತಿದ್ದರು. ಬೆಳ್ತಂಗಡಿಯ ಬಸ್ಸಿನವನು ಎರಡು ನಿಮಿಷ ತಡವಾಗಿ ಹೊರಟು ಹಿಂದಿನ ಬಸ್ಸಿನವನಿಗೆ ಜನ ಇಲ್ಲದ ಹಾಗೆ ಮಾಡುತ್ತಾನೆ, ಮಗಳು ರಾತ್ರಿ ಊಟಕ್ಕೆ ಅನ್ನ ಕೊಡುವುದಿಲ್ಲ, ಸಕ್ಕರೆ ಕಾಯಿಲೆ ಅಂತ ಚಪಾತಿ ಹಾಕುತ್ತಾಳೆ. ಪ್ರತಿ ದೂರಿನ ಕೊನೆಗೆ "ಎಂತ ಮಾಡುವ ಸರ್?" ಎಂದು ಕೇಳಿ ಕಾಯುತ್ತಿದ್ದರು. ಅಪ್ಪ ಕೈ ಆಡಿಸಿದರೆ ಅದನ್ನೇ ತೀರ್ಪು ಎಂದು ಒಪ್ಪಿ ಎದ್ದು ಹೋಗುತ್ತಿದ್ದರು.

ಮೂರನೆಯ ವಾರದಲ್ಲಿ ಒಂದು ಮಧ್ಯಾಹ್ನ ಹೆಂಡತಿ ಕಾಲೇಜಿನ ಆಫೀಸಿಗೆ ಫೋನ್ ಮಾಡಿದಳು. ನಾನು ಕೆಟ್ಟ ಸುದ್ದಿಯೆಂದು ಓಡಿದೆ.

"ಮಾವ ಮಾತಾಡಿದ್ರು!" ಎಂದಳು. "ಏಜೆಂಟರು ಯಾವುದೋ ಬಸ್ಸು ಎಲ್ಲಿ ಹಾಳಾಯ್ತು ಅಂತ ಹೇಳ್ತಾ ಇದ್ರು. ಬೆದ್ರದಿಂದ ಹೊರಟಿತು ಸರ್, ಹೊಸಂಗಡಿ ದಾಟಿತು, ಪೆರಿಂಜೆ ದಾಟಿತು, ಅಂದವರಿಗೆ ಕೆಮ್ಮು ಬಂತು. ಮಾವ 'ವೇಣೂರು' ಅಂದ್ರು. ಸ್ಪಷ್ಟ, ಇವರೇ!"

ಪಾಠ ಬಿಟ್ಟು ಮನೆಗೆ ಬಂದೆ. ಏಜೆಂಟರು ಹೋಗಿಯಾಗಿತ್ತು. ಅಪ್ಪ ದಿಂಬಿಗೊರಗಿ ಕೂತಿದ್ದರು, ಮುಖದಲ್ಲಿ ಏನೋ ಹೊಸತಿತ್ತು. ನಾನು ಪಕ್ಕ ಕೂತು ಹೇಳಿದೆ: "ಮೂಡುಬಿದಿರೆ, ಹೊಸಂಗಡಿ, ಪೆರಿಂಜೆ..." ನಿಲ್ಲಿಸಿ ಕಾದೆ. ಅಪ್ಪ ನನ್ನನ್ನು ನೋಡಿದರು. ಆ ಮುಖದ ಹೊಸತು ನನ್ನ ಕಣ್ಣೆದುರೇ ಆರಿಹೋಯಿತು. ಅವರು ಗೋಡೆಯ ಕಡೆ ತಿರುಗಿದರು.

ಆವತ್ತು ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅಪ್ಪ ಮಾತಾಡಿದ ಸಂತೋಷ ನನಗೆ ಆಗಲೇ ಇಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ನಾನು ಅಪ್ಪನ ದಾರಿಯಲ್ಲೇ ನಡೆದವನು, ಅವರು ಓದಿದ್ದನ್ನೇ ಓದಿದವನು, ಅವರ ಮಲಮೂತ್ರ ತೆಗೆದವನು. ಕಾವ್ಯಕ್ಕೆ ಬಾಯಿ ತೆರೆಯದ ಅಪ್ಪ ಕನ್ನಡದಲ್ಲಿ ಫೇಲಾದವನ ಬಸ್ ನಿಲ್ದಾಣಗಳಿಗೆ ಬಾಯಿ ತೆರೆದಿದ್ದರು.

ಆಮೇಲೆ ಒಂದೊಂದೇ ಶಬ್ದ ಬಂತು, ಹೆಚ್ಚಿನವು ತುಳು. 'ಬಲ' ಎಂದರೆ ಬಾ, 'ಕುಲ್ಲು' ಎಂದರೆ ಕೂತುಕೋ. ತರಗತಿಯಲ್ಲಿ ಯಾರ ಬಾಯಲ್ಲೂ ಸಹಿಸದಿದ್ದ ಭಾಷೆ ಅವರ ಬಾಯಿಗೇ ಮೊದಲು ಬಂತು. ಏಜೆಂಟರು ಬಾಗಿಲಲ್ಲಿ ನಿಂತರೆ ಸಾಕು, "ಬಲ, ಬಲ" ಎಂದು ಎಡಗೈ ಬೀಸುತ್ತಿದ್ದರು. ಏಜೆಂಟರ ಹೆಸರು ಎರಡೇ ಅಕ್ಷರದ್ದು, ಅದೂ ಬಂತು. ನನ್ನ ಹೆಸರು ಅಪ್ಪನೇ ಹುಡುಕಿ ಇಟ್ಟ ಉದ್ದದ ಸಂಸ್ಕೃತ ಸಮಾಸ. ಅದು ಬರಲಿಲ್ಲ. ಕೊನೆಯವರೆಗೂ ಬರಲಿಲ್ಲ.

ಏಜೆಂಟರೆದುರು ಅಪ್ಪನಿಗೆ ಮಾತು ಹೇಗೆ ಬಂತೆಂದು ಬಿ.ಸಿ.ರೋಡಿನಲ್ಲಿ ನಾವು ತೋರಿಸುತ್ತಿದ್ದ ಡಾಕ್ಟರನ್ನು ಕೇಳಿದೆ. "ಬಾಯಿಪಾಠವಾಗಿ ಸಾಲಾಗಿ ಬರುವಂಥದ್ದು ಕೆಲವರಲ್ಲಿ ಉಳಿದಿರ್ತದೆ" ಎಂದರು.

"ಪದ್ಯವೂ ಬಾಯಿಪಾಠವೇ ಅಲ್ವಾ ಡಾಕ್ಟ್ರೇ? ನನ್ನೆದುರು ಯಾಕೆ ಬರುದಿಲ್ಲ?"

ಅವರು ಸ್ವಲ್ಪ ಯೋಚಿಸಿ ಹೇಳಿದರು. "ನಿಮ್ಮೆದುರು ತಪ್ಪಿದ್ರೆ ಅವರಿಗೆ ಅವಮಾನ. ಅವನೆದುರು ತಪ್ಪಿದ್ರೆ ಏನೂ ಇಲ್ಲ." ಮತ್ತೆ ಒಂದು ಚೀಟಿ ಬರೆದರು. "ಪಾರ್ಶ್ವವಾಯು ಆದವರಲ್ಲಿ ಮನಸ್ಸೂ ಕುಗ್ಗಿ ಹೋಗುದುಂಟು. ಅದೂ ಕಾಯಿಲೆಯೇ, ಖಿನ್ನತೆ ಅಂತ. ಈ ಮಾತ್ರೆ ದಿನಕ್ಕೊಂದು ಕೊಡಿ. ಗುಣ ಕಾಣ್ಲಿಕ್ಕೆ ಕೆಲವು ವಾರ ಬೇಕಾಗ್ತದೆ. ಬಿಡಬೇಡಿ."

ಆ ಚೀಟಿಯನ್ನು ನಾನು ಮೇಜಿನ ಖಾನೆಯೊಳಗೆ ಹಾಕಿ ಮುಚ್ಚಿದೆ. ನನ್ನ ಅಪ್ಪನಿಗೆ ಹುಚ್ಚಿನ ಮಾತ್ರೆಯೇ? ಔಷಧದ ಅಂಗಡಿಯವನು ಅಪ್ಪನ ವಿದ್ಯಾರ್ಥಿ, ಓದಿ ಏನೆಂದುಕೊಂಡಾನು? ಹೆಂಡತಿಗೂ ಹೇಳಲಿಲ್ಲ.

ಮತ್ಸರ ಮನುಷ್ಯನನ್ನು ಎಷ್ಟು ಸಣ್ಣವನನ್ನಾಗಿ ಮಾಡುತ್ತದೆ ಎಂಬುದಕ್ಕೆ ನನ್ನ ಆ ದಿನಗಳೇ ಸಾಕ್ಷಿ. ಬುಧವಾರದ ಪಾಠಗಳನ್ನು ಬೇರೆಯವರಿಗೆ ಬದಲಾಯಿಸಿ ಕೊಟ್ಟು, ಮಧ್ಯಾಹ್ನ ಮನೆಯಲ್ಲಿರುವಂತೆ ಮಾಡಿಕೊಂಡೆ. ನಾನು ಕೋಣೆಗೆ ಹೋದರೆ ಇಬ್ಬರೂ ಸುಮ್ಮನಾಗುತ್ತಿದ್ದರು, ಮಾತಾಡುತ್ತ ಸಿಕ್ಕಿಬಿದ್ದ ಹುಡುಗರ ಹಾಗೆ. "ಆ ಹುಣ್ಣು ಇಟ್ಟುಕೊಂಡು ರೋಗಿಯ ಕೋಣೆಗೆ ಬರುದು ಸರಿಯಲ್ಲ" ಎಂದು ಹೆಂಡತಿಯ ಹತ್ತಿರ ಹೇಳಿದೆ.

"ಮಾವ ಒಂದು ಬಟ್ಟಲು ಗಂಜಿ ಪೂರ್ತಿ ಉಣ್ಣುದು ಅವರು ಬಂದ್ರೆ ಮಾತ್ರ" ಎಂದಳು ಅವಳು. "ಬರಬೇಡಿ ಅಂತ ನೀವೇ ಹೇಳಿ. ನನಗೆ ಬಾಯಿ ಬರುದಿಲ್ಲ."

ಇನ್ನೊಂದು ಸಲ ಏಜೆಂಟರು ಹೊಸ ಬಸ್ಸಿಗೆ ಬರೆಸಬೇಕಾದ ಬೋರ್ಡಿನ ಚೀಟಿ ತಂದಿದ್ದರು. 'ಗುರುವಾಯನಕೆರೆ' ಎಂಬಲ್ಲಿ ಎರಡು ತಪ್ಪು. ಅಪ್ಪ ಚೀಟಿ ನೋಡಿದ್ದೇ ಎಡಗೈ ಬೆರಳಿನಿಂದ ಆ ಅಕ್ಷರಗಳನ್ನು ಕುಟ್ಟಿ ಕುಟ್ಟಿ, ಗಂಟಲಲ್ಲಿ ಗುರುಗುಟ್ಟಿ, ತಿದ್ದುವವರೆಗೂ ಬಿಡಲಿಲ್ಲ. ಮುಂದಿನ ವಾರ ಆ ಬಸ್ಸು ಸರಿಯಾದ ಕಾಗುಣಿತದಲ್ಲಿ ನನ್ನೆದುರೇ ಹೋಯಿತು. ಆ ಮೇಲೆ ತಿಂಗಳಿಗೆರಡು ಚೀಟಿಯಾದರೂ ತಪ್ಪುಗಳ ಸಮೇತ ಬರುತ್ತಿತ್ತು. ಅಪ್ಪನಿಗಾಗಿ ಬೇಕೆಂದೇ ತಪ್ಪು ಬರೆದು ತರುತ್ತೀರಾ ಎಂದು ಒಮ್ಮೆ ನಿಲ್ದಾಣದಲ್ಲಿ ಕೇಳಿಯೇಬಿಟ್ಟೆ. ಅವರು ನಕ್ಕರು. "ಬೇಕೂಂತ ತಪ್ಪು ಬರೀಲಿಕ್ಕೆ ಸರಿ ಯಾವುದೂಂತ ಗೊತ್ತಿರಬೇಕಲ್ಲ ಸಣ್ಣ ಮಾಷ್ಟ್ರೇ?"

ಆ ಮಳೆಗಾಲದಲ್ಲಿ ಅವರ ಕಾಲಿಗೆ ನಂಜಾಗಿ ಎರಡು ವಾರ ಆಸ್ಪತ್ರೆಯಲ್ಲಿದ್ದರು. ಅಪ್ಪ ಮತ್ತೆ ಗೋಡೆಯ ಕಡೆ ತಿರುಗಿದರು. ನನಗೆ, ಹೇಳಲು ನಾಚಿಕೆಯಾಗುತ್ತದೆ, ಇನ್ನಾದರೂ ಅಪ್ಪ ನನಗೆ ಸಿಕ್ಕಾರು ಎಂಬ ಆಸೆಯಿತ್ತು. ಪದ್ಯದ ಪುಸ್ತಕ ಮತ್ತೆ ತೆರೆದೆ. ಅವರು ಕೇಳಿಸಿಕೊಳ್ಳಲೂ ಇಲ್ಲ.

ಏಜೆಂಟರು ಗುಣವಾಗಿ ಬಂದು ಅಪ್ಪನನ್ನು ನೋಡಿಹೋದ ಮರುದಿನ ಬೆಳಿಗ್ಗೆ, ನಾನು ಬಸ್ಸಿಗೆ ಕಾಲಿಡುವಾಗ ತೋಳು ಹಿಡಿದು ನಿಲ್ಲಿಸಿದರು.

"ಸಣ್ಣ ಮಾಷ್ಟ್ರೇ, ಈ ಬಸ್ಸು ಬಿಡಿ. ಒಂದು ಮಾತು ಉಂಟು."

"ನನಗೆ ಮೊದಲ ಪಿರಿಯಡ್ ಉಂಟು. ಇಲ್ಲೇ ಹೇಳಿ."

ಅವರು ದನಿ ಇಳಿಸಿದರು. ಆ ಗಂಟಲಿಗೆ ದನಿ ಇಳಿಸುವುದು ಗೊತ್ತಿದೆ ಎಂದು ಆವತ್ತೇ ತಿಳಿದದ್ದು. "ಸರ್ ಮಾತ್ರೆ ನುಂಗ್ತಾ ಇಲ್ಲ. ಬಿ.ಪಿ.ದು, ನಿದ್ರೆದು, ಎಲ್ಲ ಸೇರಿಸಿ ಇಟ್ಟಿದ್ದಾರೆ. ದಿಂಬಿನ ಕವರಿನೊಳಗೆ ಒಂದು ಕಟ್ಟು ಉಂಟು. ನಾನು ಮುಟ್ಟಲಿಲ್ಲ. ಮನೆಯವರು ತೆಗೀಬೇಕು."

ನನಗೆ ಆ ಮಾತಿನ ಅರ್ಥ ತಟ್ಟಲಿಲ್ಲ. ತಟ್ಟಿದ್ದು ಬೇರೆ. ಅಪ್ಪನ ದಿಂಬಿನ ಒಳಗಿನದೂ ಇವರಿಗೆ ನನಗಿಂತ ಮೊದಲು ಗೊತ್ತು.

"ನಮ್ಮ ಮನೆಯ ದಿಂಬಿನಲ್ಲಿ ಏನುಂಟು ಅಂತ ನೀವು ಹೇಳಬೇಕಾ?" ಎಂದು ಕಿರುಚಿದೆ. "ನಾಳೆಯಿಂದ ನಮ್ಮಲ್ಲಿಗೆ ಬರಬೇಡಿ."

ಬಸ್ಸಿನೊಳಗಿದ್ದವರೆಲ್ಲ ಬಗ್ಗಿ ನೋಡಿದರು. ಅವರು ಬೈರಾಸನ್ನು ಹೆಗಲಿನಿಂದ ತೆಗೆದು ಮತ್ತೆ ಹೆಗಲಿಗೆ ಹಾಕಿಕೊಂಡರು.

"ಆಯ್ತು, ಬರುದಿಲ್ಲ. ಆದ್ರೆ ಇವತ್ತು ನೀವು ಕಾಲೇಜಿಗೆ ಹೋಗಬೇಡಿ."

ಹಟಕ್ಕೆ ಬಸ್ಸು ಹತ್ತಿದೆ. ಸಿದ್ದಕಟ್ಟೆಯವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತೆ. ಸಿದ್ದಕಟ್ಟೆಯಲ್ಲಿ ಕಾಲು ತಾನಾಗಿ ಇಳಿಯಿತು. ಎದುರು ಬಂದ ಬಸ್ಸು ಹಿಡಿದು ವಾಪಸ್ಸು ಬಂದೆ. ಅಪ್ಪನ ತಲೆಯನ್ನು ಎತ್ತಿ ದಿಂಬು ಎಳೆದೆ. ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿದ ಕಟ್ಟು ಇತ್ತು. ಒಂದೇ ಕೈಯಲ್ಲಿ ಅಷ್ಟು ಒಪ್ಪವಾಗಿ ಹೇಗೆ ಸುತ್ತಿದರೋ! ಅಪ್ಪ ಎಡಗೈಯಿಂದ ಮುಖ ಮುಚ್ಚಿಕೊಂಡರು. ಬೈಯಲೂ ಇಲ್ಲ, ಬೇಡಲೂ ಇಲ್ಲ. ಅದಕ್ಕೆ ಅವರಲ್ಲಿ ಶಬ್ದವಿರಲಿಲ್ಲ. ನಾನು ನೆಲದಲ್ಲಿ ಕೂತು ಅವರ ಮಂಚದ ಕಾಲು ಹಿಡಿದು ಅತ್ತೆ. ಹೆಂಡತಿ ಬಂದು ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡಳು. ಖಾನೆಯಲ್ಲಿದ್ದ ಚೀಟಿಯನ್ನು ಆವತ್ತು ಅವಳಿಗೆ ತೋರಿಸಿದೆ. ಅವಳು ಓದಿ, ತಾರೀಕು ನೋಡಿ, ಮಡಚಿ ಸೆರಗಿಗೆ ಕಟ್ಟಿಕೊಂಡಳು. ಅವಳು ಬೈದಿದ್ದರೆ ಒಳ್ಳೆಯದಿತ್ತು. ಸಂಜೆಯೊಳಗೆ ಡಾಕ್ಟರನ್ನು ಮನೆಗೆ ಕರೆತಂದೆವು, ಮಾತ್ರೆ ಶುರುವಾಯಿತು. ಅಂದಿನಿಂದ ಪ್ರತಿ ಮಾತ್ರೆಯನ್ನೂ ನಾವಿಬ್ಬರಲ್ಲಿ ಒಬ್ಬರು ಬಾಯಿಗೆ ಹಾಕಿ, ನುಂಗುವವರೆಗೆ ನಿಂತು ನೋಡುತ್ತಿದ್ದೆವು.

ಏಜೆಂಟರು ಹೇಳಿದ ಮಾತಿನಂತೆ ಬರಲಿಲ್ಲ. ಅಪ್ಪ ಮಧ್ಯಾಹ್ನವಾದರೆ ಬಾಗಿಲು ನೋಡುತ್ತಿದ್ದರು, ಗಂಜಿಯ ಬಟ್ಟಲು ತಳ್ಳುತ್ತಿದ್ದರು. ಎಂಟು ದಿನ ಸಹಿಸಿದೆ. ಒಂಬತ್ತನೆಯ ದಿನ ನಿಲ್ದಾಣಕ್ಕೆ ಹೋದೆ. ಅವರು ಹಳೆಯ ಟಯರೊಂದರ ಮೇಲೆ ಕಾಲಿಟ್ಟು ಕೂತಿದ್ದರು. ಕ್ಷಮಿಸಿ ಎಂಬ ಶಬ್ದ ನನ್ನ ಬಾಯಿಗೂ ಬರಲಿಲ್ಲ.

"ಅಪ್ಪ ಊಟ ಮಾಡ್ತಾ ಇಲ್ಲ" ಎಂದೆ.

"ಮಾತ್ರೆ?"

"ಸಿಕ್ಕಿತು."

ಅವರು ಎದ್ದು, ಅಂಗೈ ನೋಡಿ, ಮುಂದಿನ ಬಸ್ಸಿನ ಸಮಯವನ್ನು ಪಕ್ಕದವರಿಗೆ ಹೇಳಿ ನನ್ನೊಂದಿಗೆ ರಿಕ್ಷಾ ಹತ್ತಿದರು. ಪಾಣೆಮಂಗಳೂರಿನ ಸೇತುವೆ ದಾಟುವಾಗ ನಾನು ಕೇಳದೆಯೇ ಹೇಳಿದರು.

"ನನ್ನ ಅಮ್ಮ ಹೀಗೇ ಗೋಡೆಗೆ ತಿರುಗಿ ಮಲಗಿದ್ರು. ಮೊದಲು ಉದಾಸೀನ ಅಂದೆವು. ಆಮೇಲೆ ಯಾರೋ ಏನೋ ಮಾಡಿಸಿದ್ದಾರೆ ಅಂತ ದೈವಕ್ಕೆ ಹರಕೆ ಹೇಳಿದೆವು. ಅದು ಡಾಕ್ಟ್ರಿಗೆ ತೋರಿಸುವ ಕಾಯಿಲೆ ಅಂತ ನಮಗೆ ಹೇಳುವವರು ಇರ್ಲಿಲ್ಲ. ಒಂದು ದಿನ ಬೆಳಿಗ್ಗೆ ಬಾವಿ ಹತ್ತಿರ ಅವರ ಚಪ್ಪಲಿ ಮಾತ್ರ ಇತ್ತು." ಸ್ವಲ್ಪ ಹೊತ್ತು ಹೊಳೆ ನೋಡಿದರು. "ನಾನು ದಿಂಬು ನೋಡಿದ್ದು ಅದಕ್ಕೆ, ಮಾರಾಯ್ರೆ. ಆಗ ನೋಡದ್ದಕ್ಕೆ."

ಆಮೇಲೆ ಅಪ್ಪ ನಾಲ್ಕು ವರ್ಷ ಬದುಕಿದರು. ಗುಣವಾದರು ಎಂದು ಹೇಳಲಾರೆ. ಬಲಗೈ ಬರಲೇ ಇಲ್ಲ. ಮಳೆಗಾಲದಲ್ಲಿ ಮನಸ್ಸು ಮತ್ತೆ ಕವುಚಿ ಬೀಳುತ್ತಿತ್ತು, ಡಾಕ್ಟರು ಮಾತ್ರೆ ಹೆಚ್ಚಿಸುತ್ತಿದ್ದರು. ಆದರೆ ವಾರಕ್ಕೆರಡು ಸಲ ಕ್ಷೌರ ಮಾಡಿಸಿಕೊಂಡರು. ಚಾವಡಿಯ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳಿದರು. ಏಜೆಂಟರ ತೋಳು ಹಿಡಿದು, ಇಬ್ಬರಿಗೂ ಸರಿಯಿಲ್ಲದ ಕಾಲುಗಳಲ್ಲಿ, ಬೇಲಿಯ ಬಾಗಿಲಾದ ದಣಪೆಯವರೆಗೆ ಹೋಗಿ ಬರುತ್ತಿದ್ದರು. ಬುಧವಾರದ ಮಧ್ಯಾಹ್ನ ನಾನು ಆ ನಡಿಗೆಯನ್ನು ಕಿಟಕಿಯಿಂದ ನೋಡುತ್ತಿದ್ದೆ. ಉಪಕಾರ ತಿಳಿದ ಮೇಲೆ ಮತ್ಸರ ಹೋಗಬೇಕಿತ್ತು. ಹೋಗಲಿಲ್ಲ. ಉಪಕಾರ ಮಾಡಿದವರ ಮೇಲಿನ ಮತ್ಸರ ಇನ್ನೂ ಹಟಮಾರಿ, ಅದನ್ನು ಯಾರೆದುರೂ ಹೇಳಿಕೊಳ್ಳುವಂತಿಲ್ಲ.

ಅಪ್ಪ ಒಂದು ಮುಂಜಾನೆ ನಿದ್ದೆಯಲ್ಲೇ ಹೋದರು. ಏಜೆಂಟರು ಬಂದು ದಣಪೆಯ ಹೊರಗೆ ನಿಂತಿದ್ದರು, ನಾನು ಕರೆಯುವವರೆಗೂ ಒಳಗೆ ಬರಲಿಲ್ಲ. ಬಂದ ಮೇಲೆ ಅಪ್ಪನ ಕಾಲಿನ ಹತ್ತಿರ ಕೂತು, ಆ ದೊಡ್ಡ ಗಂಟಲಿನಲ್ಲಿ ಅಲ್ಲ, ಸದ್ದಿಲ್ಲದೆ ಅತ್ತರು. ನೆರೆದವರು ಅವರನ್ನು ಸಮಾಧಾನ ಮಾಡಿದರು. ನನಗೆ ಅಳು ಬಂದಿರಲಿಲ್ಲ, ನನ್ನನ್ನು ಯಾರೂ ಸಮಾಧಾನ ಮಾಡಲಿಲ್ಲ. ಅಲ್ಲೂ, ಅಪ್ಪನ ಹೆಣದ ಎದುರೂ, ನನಗೆ ಹೊಟ್ಟೆ ಉರಿಯಿತು.

ನಂತರ ನಾನು ಅವರನ್ನು ತಪ್ಪಿಸಿ ತಿರುಗಿದೆ. ಒಂದು ಸ್ಕೂಟರ್ ಕೊಂಡೆ, ಬಂಟ್ವಾಳ ಪೇಟೆಯಲ್ಲಿ ನಿಲ್ಲಿಸಿ ಅಲ್ಲಿಂದಲೇ ಬಸ್ಸು ಹತ್ತುತ್ತಿದ್ದೆ. ಹೀಗೆ ಎರಡು ಮೂರು ವರ್ಷ ಕಳೆಯಿತು. ಒಂದು ಭಾನುವಾರ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಮನೆಗೆ ಬಂದಳು. ಬೆರಳ ತುದಿಗಳಲ್ಲಿ ಹೊಗೆಸೊಪ್ಪಿನ ಕಂದು ಬಣ್ಣ. ಬೀಡಿ ಕಟ್ಟುವ ಕೈ. ಏಜೆಂಟರ ಮಗಳು. ಅವಳಿಗೆ ನಮ್ಮ ಮನೆಯ ಹೊಸ್ತಿಲಲ್ಲಿ ನಿಲ್ಲುವುದು ಇಷ್ಟವಿಲ್ಲದ ಕೆಲಸವೆಂದು ಮುಖವೇ ಹೇಳುತ್ತಿತ್ತು.

"ಅಪ್ಪ ಕೆಲಸಕ್ಕೆ ಹೋಗದೆ ವರ್ಷವಾಯ್ತು ಸರ್. ಕಾಲಿನ ಎರಡು ಬೆರಳು ತೆಗೆದಿದ್ದಾರೆ, ಸಕ್ಕರೆ ಕಾಯಿಲೆಯಿಂದ. ಈಗ ಎರಡು ತಿಂಗಳಿಂದ ಮಾತೇ ಇಲ್ಲ. ಊಟ ಬೇಡ, ಸ್ನಾನ ಬೇಡ. ನಾನು ಮಾತಾಡಿಸಿದ್ರೆ ಕಣ್ಣು ಮುಚ್ತಾರೆ. ನೀವೊಮ್ಮೆ ಬರ್ತೀರಾ?"

ಅವರನ್ನು ನಮ್ಮ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚೀಟಿ ಖಾನೆಗೆ ಹೋಗಲಿಲ್ಲ, ನೇರ ಅಂಗಡಿಗೆ ಹೋಯಿತು. ಆದರೆ ಮನೆಯಲ್ಲಿ ಪಕ್ಕ ಕೂತು ಏನು ಮಾತಾಡಬೇಕೆಂದು ನನಗೆ ತಿಳಿಯಲಿಲ್ಲ. ಮೊದಲ ಎರಡು ಭಾನುವಾರ ಧೈರ್ಯ ಹೇಳಿದೆ. ಅವರು ಗೋಡೆಯ ಕಡೆಗೇ ಇದ್ದರು. ಮೂರನೆಯ ಭಾನುವಾರ ಹೇಳಲು ಏನೂ ಉಳಿಯದೆ, ನನ್ನ ದೂರನ್ನೇ ಹೇಳಿದೆ.

"ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಈಗಲೂ ಉಂಟು. ಅಪ್ಪ ಸತ್ತು ಇಷ್ಟು ವರ್ಷವಾದರೂ ಹೋಗ್ತಾ ಇಲ್ಲ. ಎಂತ ಮಾಡುವ?"

ಗೋಡೆಯ ಕಡೆಯಿಂದಲೇ ದನಿ ಬಂತು.

"ಗೊತ್ತುಂಟು ಮಾರಾಯ್ರೆ. ಬಸ್ ಸ್ಟ್ಯಾಂಡಿಗೆಲ್ಲ ಗೊತ್ತಿತ್ತು."

ಅವರ ಬೆನ್ನು ಅಲುಗಾಡುತ್ತಿತ್ತು. ಅಳುತ್ತಿದ್ದಾರೆಂದು ಬಗ್ಗಿ ನೋಡಿದರೆ ನಗುತ್ತಿದ್ದರು. ನಾನೂ ನಕ್ಕೆ. ಚಹಾ ತಂದ ಮಗಳು ಬಾಗಿಲಲ್ಲೇ ನಿಂತಳು. ಎರಡು ತಿಂಗಳಿನಿಂದ ತನಗೆ ಸಿಗದ ನಗು ಅದು. ಅವಳು ಲೋಟವನ್ನು ಸ್ಟೂಲಿನ ಮೇಲೆ ಕುಕ್ಕಿದಳು; ಚಹಾ ಚೆಲ್ಲಿತು. ಒರೆಸದೆ ಹೋದಳು. ಆ ಮುಖ ನನಗೆ ಚೆನ್ನಾಗಿ ಪರಿಚಯವಿತ್ತು.

ಹೊರಡುವಾಗ ಅಂಗಳದಲ್ಲಿ ಅವಳಿಗೆ ಏನೋ ಹೇಳಹೋದೆ. ಮನೆಯವರೆದುರು ಅವರಿಗೆ ಸಂಕೋಚವಿರುತ್ತದೆ, ಬೇಸರಿಸಬೇಡ, ಎಂದೇನೋ. ಅವಳು ಬೀಡಿಯ ಮೊರದಿಂದ ತಲೆ ಎತ್ತಲಿಲ್ಲ.

"ನಿಮಗೇನು ಸರ್, ವಾರಕ್ಕೊಮ್ಮೆ ಬಂದು ನಗಿಸಿ ಹೋಗ್ತೀರಿ. ಹುಣ್ಣು ತೊಳೆಯುದು ನಾನು."

ಮುಂದಿನ ಭಾನುವಾರ ಹೋಗುವಾಗ ಹತ್ತಿ, ಬ್ಯಾಂಡೇಜು ಕೊಂಡು ಹೋದೆ. "ಇವತ್ತು ನಾನು ಕಟ್ತೇನೆ. ಹೇಗೆ ಅಂತ ಹೇಳಿಕೊಡು" ಎಂದೆ. ಅವಳು ನನ್ನನ್ನು ಅಳೆಯುವ ಹಾಗೆ ನೋಡಿದಳು. ಮೊದಲ ದಿನ ಪ್ರತಿಯೊಂದನ್ನೂ ನಿಂತು ತಿದ್ದಿದಳು. ಎರಡನೆಯ ವಾರ ಬಾಗಿಲಿಗೊರಗಿ ನೋಡಿದಳು. ಮೂರನೆಯ ವಾರ ಬೀಡಿಯ ಮೊರ ಹಿಡಿದು ಬಂದು, ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಕೂತಳು.

"ಈ ಸಲ ಕೊಟ್ಟ ಎಲೆ ಪೂರಾ ತೂತು ಅಪ್ಪ" ಎಂದಳು ತುಳುವಿನಲ್ಲಿ. "ಇದರಲ್ಲಿ ಬೀಡಿ ಕಟ್ಟುದು ಹೇಗೆ? ನೀವೇ ಹೇಳಿ."

ಅವರು ಅವಳ ಕಡೆ ತಿರುಗಿ ಮೊರದೊಳಗೆ ಕೈ ಹಾಕಿದರು. ಒಂದೊಂದೇ ಎಲೆ ಎತ್ತಿ ಬೆಳಕಿಗೆ ಹಿಡಿದು ನೋಡಿ, ಎಲೆ ಕೊಟ್ಟವನನ್ನು ಬೈಯತೊಡಗಿದರು. ಅವಳು ಇನ್ನಷ್ಟು ದೂರಿದಳು. ಅಪ್ಪ ಮಗಳ ಮಾತು ನನ್ನ ತಲೆಯ ಮೇಲಿಂದ ಹಾಯುತ್ತಿತ್ತು. ನಾನು ಕೆಳಗೆ ಕುಕ್ಕರುಗಾಲಿನಲ್ಲಿ ಕೂತು ಹುಣ್ಣು ತೊಳೆಯುತ್ತಿದ್ದೆ. ಇಬ್ಬರಲ್ಲಿ ಒಬ್ಬರೂ ನನ್ನ ಕಡೆ ನೋಡಲಿಲ್ಲ. ಹೊಟ್ಟೆಯೊಳಗೆ ಸಣ್ಣಗೆ ಉರಿ ಎದ್ದಿತು. ಬ್ಯಾಂಡೇಜನ್ನು ಸ್ವಲ್ಪ ಬಿಗಿಯಾಗಿ ಎಳೆದೆನೇನೋ, ಅವರು "ಮೆಲ್ಲ ಮಾರಾಯ್ರೆ" ಎಂದು ಕಾಲು ಹಿಂದೆಳೆದರು; ಮತ್ತೆ ಮಗಳ ಕಡೆಗೇ ತಿರುಗಿ, ಬಿಟ್ಟಲ್ಲಿಂದ ಮಾತು ಮುಂದುವರಿಸಿದರು.